ನೀರು ಉಳಿಸಿದ ಬೆಳಕು

ಹೊಸಪೇಟೆಯಿಂದ ಕೂಡ್ಲಿಗಿಗೆ ಹೋಗುವ ಹೆದ್ದಾರಿಯಲ್ಲಿ ಮರಿಯಮ್ಮನಹಳ್ಳಿ ಇದೆ. ಪಡುವಣಕ್ಕೆ ತುಂಗಭದ್ರಾ ಜಲಾಶಯದ ಹಿನ್ನೀರು, ಮೂಡಣಕ್ಕೆ ಸಂಡೂರಿನ ಬೆಟ್ಟಸಾಲು. ಜೋಗತಿ ನೃತ್ಯದ ಮಂಜಮ್ಮ, ರಂಗಭೂಮಿಯ ನಾಗರತ್ನಮ್ಮ ಮುಂತಾದವರಿಂದಾಗಿ ನಾಡಿನ ಜನ ಇದನ್ನು ಕಲಾವಿದರ ಊರೆಂದು ಬಲ್ಲರು. ಹಿನ್ನೀರಿನ ಊರೆಂದು ಬಲ್ಲವರು ಇಲ್ಲಿಯ ಹಿರಿಯರು. 1945ರಲ್ಲಿ ಕೆಲಸ ಶುರುವಾಗಿ 1953ರ ಹೊತ್ತಿಗೆ ಅಣೆಕಟ್ಟು ಎದ್ದಾಗ ನಾರಾಯಣದೇವರಕೆರೆ ಎಂಬ ಊರು ಮುಳುಗಿತು; ಅಲ್ಲಿನ ಎಷ್ಟೋ ಕುಟುಂಬಗಳು ದೇವರನ್ನೂ ಗಂಟುಮೂಟೆಯನ್ನೂ ಹೊತ್ತು ಬಂದು ನೆಲೆ ನಿಂತದ್ದು ಇಲ್ಲೇ.

ಜಲಾಶಯ ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟು ನೀರು ವರ್ಷವಿಡೀ ಒಂದೇ ಬಣ್ಣದಲ್ಲಿ ಇರುವುದಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದು ಹೊಸ ನೀರು ಬಂದಾಗ ಕೆಂಪು. ಮಣ್ಣು ತಳ ಸೇರಿದ ಮೇಲೆ ತಿಳಿ. ಈಚಿನ ವರ್ಷಗಳಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಬಣ್ಣ ಮತ್ತೆ ಮತ್ತೆ ಸುದ್ದಿಯಾಗುತ್ತಿದೆ. ‘ಡ್ಯಾಮಿನ ನೀರು ಹಸರಾಗೈತಿ’ ಎಂಬ ಮಾತು ಹೊಸಪೇಟೆ, ಕೊಪ್ಪಳಗಳಲ್ಲಿ ಹಬ್ಬುತ್ತದೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಪಾಚಿ ಎಂಬ ವಿವರಣೆ ಬರುತ್ತದೆ. ಕೆಲವು ವಾರಗಳಲ್ಲಿ ಬಣ್ಣ ಕರಗುತ್ತದೆ, ಮಾತೂ ಕರಗುತ್ತದೆ.

ಆ ಮಾತನ್ನು ಕರಗಲು ಬಿಡಬಾರದು ಎನ್ನುವುದು ನನ್ನ ಅನಿಸಿಕೆ. ನೀರಿನ ಬಣ್ಣವೆಂದರೆ ಬೆಳಕಿನ ಲೆಕ್ಕ. ಬಿಸಿಲಿನ ಯಾವ ಪಾಲು ನೀರೊಳಗೆ ಖರ್ಚಾಯಿತು, ಯಾವ ಪಾಲು ಉಳಿದು ನಮ್ಮ ಕಣ್ಣಿಗೆ ಮರಳಿತು ಎನ್ನುವುದು ಅದರಲ್ಲಿ ಬರೆದಿರುತ್ತದೆ. ಹಾಗೆ ಉಳಿದ ಬೆಳಕನ್ನೇ ನಂಬಿ ಬಾಳುವ ಹಸಿರು ಪಾಚಿಗಳು ಕಡಲಿನಲ್ಲಿವೆ. ಅದೇ ವಿದ್ಯೆಯನ್ನು ಅವುಗಳಿಗಿಂತ ಬಹಳ ಮೊದಲೇ ಕಲಿತ ಜೀವಿಗಳ ಗುರುತು, ಮರಿಯಮ್ಮನಹಳ್ಳಿಯಿಂದ ಕಣ್ಣಳತೆಯಲ್ಲಿರುವ ಸಂಡೂರಿನ ಕಲ್ಲುಗಳಲ್ಲಿದೆ.

ನೀರಿನ ಬಣ್ಣವನ್ನು ಹೀಗೆ ಲೆಕ್ಕವಾಗಿ ಓದಿದವರಲ್ಲಿ ದೊಡ್ಡ ಹೆಸರು ಸಿ.ವಿ. ರಾಮನ್ ಅವರದು. 1921ರಲ್ಲಿ ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಹೋದ ಅವರು ಹಡಗಿನ ಮೇಲಿಂದ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಎಂದು ಆಗ ಲಾರ್ಡ್ ರ‍್ಯಾಲೆಯಂಥ ಘಟಾನುಘಟಿಗಳೇ ಹೇಳಿದ್ದರು. ರಾಮನ್ ಒಂದು ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಆಕಾಶದ ಬೆಳಕನ್ನು ಅಡಗಿಸಿದರು. ನೀಲಿ ಹೋಗಲಿಲ್ಲ, ಇನ್ನೂ ಢಾಳಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಹಡಗು ‘ನರ್ಕುಂಡ’ ಮುಂಬಯಿ ಬಂದರು ಸೇರುವ ಹೊತ್ತಿಗೆ ಬರೆದು ‘ನೇಚರ್’ ಪತ್ರಿಕೆಗೆ ಕಳಿಸಿದರು. ಮುಂದೆ 1933ರಲ್ಲಿ ಅವರು ಬೆಂಗಳೂರಿಗೆ ಬಂದು ನಮ್ಮವರೇ ಆದರು.

ಚದುರುವಿಕೆ ಕತೆಯ ಒಂದು ಭಾಗ. ಇನ್ನೊಂದು ಭಾಗ ಹೀರುವಿಕೆ. ಶುದ್ಧ ನೀರಿಗೂ ಬೆಳಕಿನ ಹಸಿವಿದೆ, ಅದರಲ್ಲೂ ಕೆಂಪು ಬೆಳಕಿನ ಹಸಿವು. 680 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು ಒಂದು ಮೀಟರ್ ನೀರು ದಾಟುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರಗುತ್ತದೆ. ಐದು ಮೀಟರ್ ಆಳದಲ್ಲಿ ಉಳಿಯುವುದು ಹತ್ತರಲ್ಲೊಂದು ಪಾಲು, ಹತ್ತು ಮೀಟರ್ ಆಳದಲ್ಲಿ ನೂರರಲ್ಲೊಂದು. ನೀಲಿ ಬೆಳಕಿನ ಗತಿ ಬೇರೆ. ಮಾಲಿನ್ಯವಿಲ್ಲದ ನಡುಗಡಲಿನಲ್ಲಿ ಅದು ನೂರು ಮೀಟರಿಗೂ ಮಿಕ್ಕಿ ಇಳಿಯುತ್ತದೆ.

ಈಗ ಎಲೆಯ ಕಡೆ ನೋಡಿ. ಗಿಡಗಳು ಬಿಸಿಲು ಹಿಡಿಯಲು ಬಳಸುವ ಪತ್ರಹರಿತ್ತು ಎರಡು ಬಗೆಯದು: ‘ಎ’ ಮತ್ತು ‘ಬಿ’. ಎರಡೂ ಹೀರುವುದು ಮುಖ್ಯವಾಗಿ ನೀಲಿಯನ್ನು ಮತ್ತು ಕೆಂಪನ್ನು. ನಡುವಿನ ಹಸಿರು ಅವಕ್ಕೆ ಅಷ್ಟಾಗಿ ರುಚಿಸದು, ಅದಕ್ಕೇ ಎಲೆ ನಮಗೆ ಹಸಿರಾಗಿ ಕಾಣುತ್ತದೆ. ಕಂಪ್ಲಿಯ ಗದ್ದೆಯ ಭತ್ತಕ್ಕೆ, ಹೊಸಪೇಟೆಯ ಬಾಳೆಗೆ ಇದರಿಂದ ನಷ್ಟವೇನಿಲ್ಲ. ಬಯಲುಸೀಮೆಯ ಬಿಸಿಲು ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಆದರೆ ಅದೇ ಎಲೆ ಹತ್ತು ಮೀಟರ್ ನೀರಿನಡಿ ಇದ್ದರೆ? ಅದು ನೆಚ್ಚಿದ ಕೆಂಪು ಅಲ್ಲಿಗೆ ಹೆಚ್ಚುಕಡಿಮೆ ತಲುಪುವುದೇ ಇಲ್ಲ.

ಯಾವ ಬಣ್ಣ ಪಾಚಿಗೆ ಉಣಿಸಾಗುತ್ತದೆ ಎಂಬುದನ್ನು ಮೊದಲು ಕಣ್ಣಿಗೆ ಕಾಣುವಂತೆ ತೋರಿಸಿದವನು ಥಿಯೊಡೋರ್ ಎಂಗೆಲ್‌ಮನ್, ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ, 1880ರ ದಶಕದ ಮೊದಲ ವರ್ಷಗಳಲ್ಲಿ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಹೇಳಿದ ಪ್ರಯೋಗ ಜೀವವಿಜ್ಞಾನದಲ್ಲಿ ಅಪರೂಪ. ಸೂಕ್ಷ್ಮದರ್ಶಕದ ಕೆಳಗೆ ಕ್ಲಾಡೊಫೋರಾ ಎಂಬ ಹಸಿರು ಪಾಚಿಯ ಒಂದು ಎಳೆಯನ್ನು ಇಟ್ಟು, ಪಟ್ಟಕದಿಂದ ಬಿಡಿಸಿದ ಕಾಮನಬಿಲ್ಲಿನ ಬಣ್ಣಗಳನ್ನು ಅದರ ಉದ್ದಕ್ಕೂ ಬೀಳಿಸಿದ. ನೀರಿನಲ್ಲಿ ಆಮ್ಲಜನಕ ಇದ್ದಲ್ಲಿಗೆ ಈಜಿ ಹೋಗುವ ಬ್ಯಾಕ್ಟೀರಿಯಾಗಳನ್ನು ಬಿಟ್ಟ. ಅವು ಕೆಂಪು ಬಿದ್ದ ಕಡೆ ಗುಂಪಾದವು, ನೀಲಿ ಬಿದ್ದ ಕಡೆ ಗುಂಪಾದವು, ಹಸಿರು ಬಿದ್ದ ಕಡೆ ತೆಳ್ಳಗಾದವು. ಯಾವ ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ ಎನ್ನುವ ನಕ್ಷೆಯನ್ನು ಬ್ಯಾಕ್ಟೀರಿಯಾಗಳೇ ಬರೆದುಕೊಟ್ಟವು.

ಇಲ್ಲಿಂದ ಎಂಗೆಲ್‌ಮನ್ ಒಂದು ಅಚ್ಚುಕಟ್ಟಾದ ಸಿದ್ಧಾಂತ ಕಟ್ಟಿದ. ಹಸಿರು ಪಾಚಿಗಳು ಕಡಲ ದಂಡೆಯ ಆಳವಿಲ್ಲದ ನೀರಿನಲ್ಲಿ, ಕಂದು ಪಾಚಿಗಳು ಅವಕ್ಕಿಂತ ಕೆಳಗೆ, ಹಸಿರು ಬೆಳಕನ್ನು ಹೀರಬಲ್ಲ ಕೆಂಪು ಪಾಚಿಗಳು ಎಲ್ಲಕ್ಕಿಂತ ಆಳದಲ್ಲಿ. ಅವರವರ ಬಣ್ಣಕ್ಕೆ ತಕ್ಕ ಆಳ. ನೂರು ವರ್ಷ ಪಠ್ಯಪುಸ್ತಕಗಳಲ್ಲಿ ಇದು ನಿಂತಿತು. ನೋಡಲು ಚೆಂದ, ಆದರೆ ಕಡಲು ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಬಹಾಮಾಸ್ ದ್ವೀಪಗಳ ಬಳಿ ಮುಳುಗುನೌಕೆಯಲ್ಲಿ ಇಳಿದವರಿಗೆ 268 ಮೀಟರ್ ಆಳದಲ್ಲಿ ಕೆಂಪು ಪಾಚಿಯೊಂದು ಸಿಕ್ಕಿದ್ದು 1985ರಲ್ಲಿ ವರದಿಯಾಯಿತು. ಇಲ್ಲಿಯವರೆಗೆ ಸಿದ್ಧಾಂತ ಗೆದ್ದಿತು. ಆದರೆ ಅದೇ ನೀರಿನಲ್ಲಿ 150 ಮೀಟರಿಗೂ ಕೆಳಗೆ ಹಸಿರು ಪಾಚಿಯೂ ಇತ್ತು. ಅದನ್ನು ಹೊತ್ತು ತಂದ ನೌಕೆಯ ಹೆಸರಿನ ಮೇಲೆಯೇ ಅದಕ್ಕೆ ಜಾನ್ಸನ್-ಸೀ-ಲಿಂಕಿಯಾ ಎಂದು ಹೆಸರಿಟ್ಟರು. ಸಿದ್ಧಾಂತದ ಪ್ರಕಾರ ಅದು ಅಲ್ಲಿ ಇರಲೇಬಾರದು.

ಇದ್ದದ್ದು ಹೇಗೆ? ಉತ್ತರದ ಒಂದು ಎಳೆ ನಮ್ಮ ಕರಾವಳಿಯಲ್ಲಿಯೂ ಸಿಗುತ್ತದೆ. ಕಾರವಾರ, ಗೋಕರ್ಣ, ಭಟ್ಕಳದ ಕಡೆ ಕಡಲು ಇಳಿತದಲ್ಲಿದ್ದಾಗ ಬಂಡೆಗಳ ಮೇಲೆ ನಡೆದರೆ ಮೊದಲು ಕಾಣುವುದು ಉಲ್ವಾ, ತೆಳುಹಾಳೆಯಂಥ ಎಳೆಹಸಿರು ಪಾಚಿ. ಅದು ಬಿಸಿಲು ಕಾಯುವ ಜಾತಿ. ಇನ್ನೂ ಸ್ವಲ್ಪ ಕೆಳಗೆ, ಬಂಡೆಯ ಸಂದಿನ ನೆರಳಿನಲ್ಲಿ, ಬೇರೊಂದು ಬಳಗವಿದೆ: ಕಾಲರ್ಪಾ, ಬ್ರಯೋಪ್ಸಿಸ್. ಇವುಗಳ ಹಸಿರು ಗಾಢ, ತುಸು ಕಪ್ಪಿಗೆ ತಿರುಗಿದ್ದು. ಇದೇ ಬಳಗದ ಕೋಡಿಯಂ ಭಾರತದ ಪಶ್ಚಿಮ ತೀರದಲ್ಲಿ ಇನ್ನೂ ಬಡಗಣಕ್ಕೆ, ಗುಜರಾತಿನ ದಂಡೆಯಲ್ಲಿ ಬೆಳೆಯುತ್ತದೆ. ಅದರ ಒಂದು ಪ್ರಭೇದಕ್ಕೆ ದ್ವಾರಕೆಯ ಹೆಸರೇ ಇದೆ, ಕೋಡಿಯಂ ದ್ವಾರ್ಕೆನ್ಸೆ. ಈ ಬಳಗದ ಪಾಚಿಗಳ ಮೈ ನೂರಾರು ಜೀವಕೋಶಗಳನ್ನು ಜೋಡಿಸಿ ಕಟ್ಟಿದ್ದಲ್ಲ. ಒಳಗೆ ಅಡ್ಡಗೋಡೆಗಳೇ ಇಲ್ಲ. ಎಲೆ, ಕಾಂಡ, ಬೇರಿನ ಹಾಗೆ ಕಾಣುವ ಎಲ್ಲವೂ ಸೇರಿ ಒಂದೇ ಜೀವಕೋಶ, ಅದರೊಳಗೆ ಸಾವಿರಾರು ಬೀಜಕೇಂದ್ರಗಳು, ಲೆಕ್ಕವಿಲ್ಲದಷ್ಟು ಹಸಿರು ಕಣಗಳು. ಕಾಲರ್ಪಾದ ಒಂದೊಂದು ಜೀವಕೋಶ ಮೀಟರುಗಟ್ಟಲೆ ಹಬ್ಬುತ್ತದೆ.

ಈ ಪಾಚಿಗಳು ಬಾಳುವ ನೀರಿನ ಬೆಳಕು ಎಂಥದ್ದು ಎಂದು ಕೇಳಬೇಕು. ನಡುಗಡಲಿನ ನೀಲಿ ದಂಡೆಯ ಹತ್ತಿರ ಇರುವುದಿಲ್ಲ. ಕಾಳಿ, ಅಘನಾಶಿನಿ, ಶರಾವತಿಗಳು ಘಟ್ಟದ ಕಾಡಿನಿಂದ ಕೊಳೆತ ತರಗೆಲೆಯ ಹಳದಿ ಕಷಾಯವನ್ನು ಕಡಲಿಗೆ ಸುರಿಯುತ್ತವೆ. ಆ ಕರಗಿದ ಹಳದಿ ನೀಲಿ ಬೆಳಕನ್ನು ಹೀರುತ್ತದೆ. ತೇಲುವ ಸೂಕ್ಷ್ಮ ಪಾಚಿಗಳೂ ನೀಲಿಗೆ ಕೈ ಹಾಕುತ್ತವೆ. ಕೆಂಪನ್ನು ನೀರು ಆಗಲೇ ಮುಗಿಸಿದೆ. ಹೀಗೆ ಎರಡು ತುದಿಯೂ ಖರ್ಚಾಗಿ ನಡುವಿನ ಹಸಿರು ಮಾತ್ರ ಕೆಳಗಿಳಿಯುತ್ತದೆ. ಜಾತ್ರೆಯ ಊಟದ ಕೊನೆಯ ಪಂಕ್ತಿಗೆ ಕೂತವರಿಗೆ ಅನ್ನ ಸಾರು ಸಿಗುತ್ತದೆ, ಹೋಳಿಗೆ ಖಾಲಿಯಾಗಿರುತ್ತದೆ. ಆಳದ ಪಾಚಿಯ ಪಾಲು ಅಂಥದ್ದು. ಪತ್ರಹರಿತ್ತನ್ನು ಮಾತ್ರ ನಂಬಿದರೆ ಅದು ಉಪವಾಸ.

ಕೋಡಿಯಂ ಬಳಗ ಇದಕ್ಕೆ ಕಂಡುಕೊಂಡ ದಾರಿ ಸೈಫನೊಜ್ಯಾಂಥಿನ್ ಎಂಬ ವರ್ಣದ್ರವ್ಯ, ಜೊತೆಗೆ ಅದರ ಹತ್ತಿರದ ಬಂಧು ಸೈಫನೀನ್. ಎರಡೂ ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳ ಕುಲದವು. ಇವುಗಳ ವರ್ತನೆ ಓದಿದಾಗ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಸೈಫನೊಜ್ಯಾಂಥಿನನ್ನು ಪಾಚಿಯಿಂದ ಬೇರ್ಪಡಿಸಿ ದ್ರಾವಕದಲ್ಲಿ ಕರಗಿಸಿದರೆ ಅದು ಇತರ ಕೆರೋಟಿನಾಯ್ಡ್‌ಗಳಂತೆಯೇ ನೀಲಿಯನ್ನು ಹೀರುತ್ತದೆ, ಅದರಲ್ಲಿ ವಿಶೇಷವೇನೂ ಕಾಣದು. ಅದೇ ಅಣು ಪಾಚಿಯೊಳಗೆ, ಪ್ರೋಟೀನಿನ ಹಿಡಿತದಲ್ಲಿ ಕೂತಾಗ ಅದರ ಹೀರಿಕೆ ಸರಿದು 540 ನ್ಯಾನೊಮೀಟರಿನ ಆಸುಪಾಸಿಗೆ, ಅಂದರೆ ನಟ್ಟನಡುವಿನ ಹಸಿರಿಗೆ ಬಂದು ನಿಲ್ಲುತ್ತದೆ. ಅಣು ಅದೇ, ಕೂರಿಸಿದ ಜಾಗ ಮತ್ತು ಬಾಗಿಸಿದ ರೀತಿ ಅದಕ್ಕೆ ಹೊಸ ಹಸಿವು ಕೊಡುತ್ತದೆ.

ಈ ಪ್ರೋಟೀನ್ ಹೊಸದೇನಲ್ಲ. ಪಾಲಕ್ ಸೊಪ್ಪಿನಲ್ಲಿ, ಭತ್ತದಲ್ಲಿ, ಬೇವಿನಲ್ಲಿ ಬೆಳಕು ಕೂಡಿಸುವ ಆಂಟೆನಾ ಆಗಿ ದುಡಿಯುವ ಪ್ರೋಟೀನಿನದೇ ಚೌಕಟ್ಟು ಕೋಡಿಯಂನಲ್ಲೂ ಇದೆ. ಮೂರು ತುಂಡುಗಳು ಕೂಡಿ ಒಂದು ಗುಂಪು. ಸೊಪ್ಪಿನ ಒಂದೊಂದು ತುಂಡಿನಲ್ಲಿ 14 ಪತ್ರಹರಿತ್ತಿನ ಅಣುಗಳು, 4 ಕೆರೋಟಿನಾಯ್ಡ್‌ಗಳು. ಯಾವುದೇ ಅಣುವಿಗೆ ಬೆಳಕು ಬಿದ್ದರೂ ಆ ಶಕ್ತಿ ಸೆಕೆಂಡಿನ ಲಕ್ಷಕೋಟಿ ಪಾಲಿನ ಲೆಕ್ಕದಲ್ಲಿ ಅಣುವಿನಿಂದ ಅಣುವಿಗೆ ದಾಟಿ ಪ್ರತಿಕ್ರಿಯಾ ಕೇಂದ್ರ ಸೇರುತ್ತದೆ. ಅಲ್ಲಿ ನೀರು ಒಡೆಯುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಕೋಡಿಯಂ ಇದೇ ಚೌಕಟ್ಟಿನಲ್ಲಿ ಸೊಪ್ಪಿನ ಕೆರೋಟಿನಾಯ್ಡ್‌ಗಳಿಗೆ ಬದಲಾಗಿ ತನ್ನವನ್ನು ಕೂರಿಸಿದೆ, ಪತ್ರಹರಿತ್ತು ‘ಬಿ’ಯ ಪಾಲನ್ನು ಹೆಚ್ಚಿಸಿದೆ. ಮನೆ ಹಳೆಯದೇ, ಒಳಗಿನ ನಾಲ್ಕಾರು ಸಾಮಾನು ಬದಲಾಗಿವೆ, ಅಷ್ಟಕ್ಕೇ ಆಳದ ಬೆಳಕು ಒಲಿದಿದೆ.

ಬೆಳಕು ಹಿಡಿಯುವುದರಲ್ಲಿ ಅಪಾಯವೂ ಇದೆ. ಇಳಿತದ ಹೊತ್ತಿನಲ್ಲಿ ಇದೇ ಪಾಚಿಗಳ ಮೇಲೆ ನಡುಹಗಲಿನ ಬಿಸಿಲು ನೇರ ಬೀಳುತ್ತದೆ. ಹಿಡಿದ ಶಕ್ತಿ ಖರ್ಚಾಗದೆ ಪತ್ರಹರಿತ್ತಿನಲ್ಲೇ ನಿಂತರೆ ಅದು ‘ಟ್ರಿಪ್ಲೆಟ್’ ಎಂಬ ಸ್ಥಿತಿಗೆ ಇಳಿಯುತ್ತದೆ, ಅಲ್ಲಿಂದ ಸುತ್ತಲಿನ ಆಮ್ಲಜನಕವನ್ನು ಕೆರಳಿಸಿ ಜೀವಕೋಶವನ್ನೇ ಸುಡುತ್ತದೆ. ಅದನ್ನು ಮೊದಲೇ ತಣಿಸುವುದು ಕೆರೋಟಿನಾಯ್ಡ್‌ಗಳ ಇನ್ನೊಂದು ಕೆಲಸ. ಜಪಾನಿನ ಒಸಾಕಾ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಸಂಶೋಧಕರು ಕೋಡಿಯಂ ಮತ್ತು ಪಾಲಕ್ ಸೊಪ್ಪಿನ ಆಂಟೆನಾಗಳನ್ನು ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದರು. 2025ರಲ್ಲಿ ಪ್ರಕಟವಾದ ಅವರ ಕೆಲಸದ ಪ್ರಕಾರ ಸೊಪ್ಪಿನಲ್ಲಿ ತಣಿಯದೆ ಉಳಿದ ಪತ್ರಹರಿತ್ತಿನ ಕ್ಷೀಣ ಗುರುತು ಸಿಕ್ಕಿತು. ಕೋಡಿಯಂನಲ್ಲಿ ಅದು ಸಿಗಲಿಲ್ಲ. ಆ ಕಾವಲು ಸೈಫನೀನ್‌ನದು. ಬರದ ಕಾಲಕ್ಕೆ ಹಸಿರು ಬೆಳಕನ್ನು ಕೂಡಿಸುವ ಬಳಗವೇ ಸುಗ್ಗಿಯ ಕಾಲಕ್ಕೆ ಹೆಚ್ಚಾದದ್ದನ್ನು ಹೊರದಬ್ಬುತ್ತದೆ.

ಎಂಗೆಲ್‌ಮನ್ನನ ಸಿದ್ಧಾಂತಕ್ಕೆ ಕೋಡಿಯಂ ಕೊಟ್ಟ ಪೆಟ್ಟು ಹಸಿರು ಹಿಡಿಯುವ ಅಣುವೊಂದೇ ಅಲ್ಲ. ಅಮೆರಿಕದ ಜೋಸೆಫ್ ರಾಮುಸ್ 1970ರ ದಶಕದಲ್ಲಿ ತೋರಿಸಿದ್ದು ಇನ್ನೂ ಸರಳ. ಕೋಡಿಯಂನ ದಪ್ಪ, ಸ್ಪಂಜಿನಂಥ ಮೈಯೊಳಗೆ ಹೊಕ್ಕ ಬೆಳಕು ಅಲ್ಲೇ ಚದುರಿ ತಿರುಗಿ ಮತ್ತೆ ಮತ್ತೆ ವರ್ಣದ್ರವ್ಯಗಳಿಗೆ ಬಡಿಯುತ್ತದೆ, ಕೊನೆಗೆ ಯಾವ ಬಣ್ಣವೇ ಆಗಲಿ ಬಹುಪಾಲು ಒಳಗೇ ಉಳಿಯುತ್ತದೆ. ಬಣ್ಣದಷ್ಟೇ ಮೈಯ ಕಟ್ಟೂ ಮುಖ್ಯ. ಹೊಲದ ಎಲೆಯೂ ಇದೇ ಉಪಾಯದಿಂದ ಹಸಿರು ಬೆಳಕಿನ ದೊಡ್ಡ ಪಾಲನ್ನು ಬಳಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬರುವುದು ತಪ್ಪಿಸಿಕೊಂಡ ಸ್ವಲ್ಪ ಮಾತ್ರ.

ಸೈಫನೊಜ್ಯಾಂಥಿನ್ ಹಸಿರು ಪಾಚಿಗಳ ವಂಶದಲ್ಲಿ ಬಹಳ ಹಳೆಯ ಕೊಂಬೆಗಳಲ್ಲೂ ಸಿಗುತ್ತದೆ. ಮೂಲದ ಹಸಿರು ಪಾಚಿಗಳೇ ಮಬ್ಬು ನೀರಿನಲ್ಲಿ ಬಾಳುತ್ತಿದ್ದವು, ಬಿಸಿಲಿಗೆ ಬಂದವು ಈ ವರ್ಣದ್ರವ್ಯವನ್ನು ಬಿಟ್ಟವು, ನೆರಳಲ್ಲೇ ಉಳಿದವು ಇಟ್ಟುಕೊಂಡವು ಎಂದು ಕೆಲವು ವಿಜ್ಞಾನಿಗಳು ಊಹಿಸುತ್ತಾರೆ. ಉಳಿದ ಬೆಳಕಿನ ಮೇಲೆ ಬಾಳುವುದು ಹಾಗಾದರೆ ಎಷ್ಟು ಹಳೆಯ ವಿದ್ಯೆ? ಈ ಪ್ರಶ್ನೆ ಹಿಡಿದು ಹಿಂದೆ ಹೋದರೆ ದಾರಿ ಕಡಲಿನಿಂದ ತಿರುಗಿ ಮರಿಯಮ್ಮನಹಳ್ಳಿಯ ಮೂಡಣ ದಿಕ್ಕಿಗೆ ಬರುತ್ತದೆ.

ಸಂಡೂರಿನ ಬೆಟ್ಟಗಳು ಸುಮಾರು 270 ಕೋಟಿ ವರ್ಷದ ಹಿಂದಿನ ಕಡಲತಳ. ದೇವಗಿರಿ, ದೋಣಿಮಲೈ, ಕುಮಾರಸ್ವಾಮಿ ಬೆಟ್ಟ ಎಂದು ನಾವು ಅದಿರಿನ ಲೆಕ್ಕದಲ್ಲಿ ಬಲ್ಲ ಈ ನೆಲದಲ್ಲಿ ಸ್ಟ್ರೊಮ್ಯಾಟೊಲೈಟುಗಳಿವೆ ಎಂದು 1984ರಲ್ಲಿ ಮೂರ್ತಿ ಮತ್ತು ಕೃಷ್ಣಾರೆಡ್ಡಿ ಎಂಬ ಭೂವಿಜ್ಞಾನಿಗಳು ವರದಿ ಮಾಡಿದರು. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಲೋಳೆಯಾಗಿ ಹಾಸಿಕೊಂಡು, ಮೇಲೆ ಬಿದ್ದ ಹೂಳನ್ನು ಹಿಡಿದುಕೊಂಡು, ಬೆಳಕಿಗಾಗಿ ಅದರ ಮೇಲೆ ಮತ್ತೆ ಹಾಸಿಕೊಂಡು ಪದರಪದರವಾಗಿ ಎಬ್ಬಿಸಿದ ಗುಪ್ಪೆಗಳು ಅವು. 1987ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಎಸ್.ಎಂ. ನಖ್ವಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಬಿ.ಎಸ್. ವೆಂಕಟಾಚಲ ಮತ್ತು ಸಂಗಡಿಗರು ಸಂಡೂರಿನ ಚೆರ್ಟ್ ಶಿಲೆಯಲ್ಲಿ ಸಿಲಿಕಾ ತುಂಬಿ ಕಲ್ಲಾದ ಸಯನೋಬ್ಯಾಕ್ಟೀರಿಯಾಗಳ ಪಳೆಯುಳಿಕೆ ಕಂಡಿದ್ದಾಗಿ ಪ್ರಕಟಿಸಿದರು. ಇಷ್ಟು ಹಳೆಯ ಶಿಲೆಯ ಸೂಕ್ಷ್ಮ ಪಳೆಯುಳಿಕೆಗಳ ಬಗ್ಗೆ ಲೋಕದ ಎಲ್ಲೆಡೆ ವಾದ ನಡೆಯುತ್ತದೆ, ನಡೆಯಬೇಕಾದದ್ದೇ. ಆದರೂ ಬಿಸಿಲು ತಿಂದು ಬಾಳಿದ ಜೀವದ ಗುರುತು ಭಾರತದ ಅತಿ ಹಳೆಯ ನೆಲಗಳಲ್ಲೊಂದಾದ ಇಲ್ಲಿ ಸಿಕ್ಕಿದ್ದು ಸಣ್ಣ ಮಾತಲ್ಲ. ಲಾರಿಗಳಲ್ಲಿ ಹೋದ ಅದಿರಿನ ಲೆಕ್ಕ ನಮ್ಮ ನಾಲಿಗೆಯ ತುದಿಯಲ್ಲಿದೆ. ಈ ಕಲ್ಲುಗಳ ಲೆಕ್ಕ ಇಲ್ಲಿನ ಶಾಲೆಗಳಲ್ಲೂ ಕೇಳುವುದು ಅಪರೂಪ. ಇದು ನನಗೆ ನೋವಿನ ಸಂಗತಿ.

ಅದಿರಿನ ಕತೆಯೂ ಬೆಳಕಿನ ಕತೆಯೇ. ಆ ಕಾಲದ ಕಡಲಿನಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ತಳದ ಬಿಸಿ ಬುಗ್ಗೆಗಳಿಂದ ಹೊರಟ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇರುತ್ತಿತ್ತು. ಅದಕ್ಕೆ ಆಮ್ಲಜನಕ ತಾಗಿದಾಗ ತುಕ್ಕಾಗಿ ತಳಕ್ಕೆ ಬೀಳುತ್ತಿತ್ತು. ಒಂದು ಪದರ ತುಕ್ಕು, ಒಂದು ಪದರ ಸಿಲಿಕಾ; ಸಂಡೂರಿನ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು ಹೀಗೆ ಕೂಡಿದ್ದು. ತುಕ್ಕು ಹಿಡಿಸಿದವರು ಯಾರೆಂಬ ಬಗ್ಗೆ ಒಮ್ಮತವಿಲ್ಲ. ಸಯನೋಬ್ಯಾಕ್ಟೀರಿಯಾ ಬಿಟ್ಟ ಆಮ್ಲಜನಕ ಎಂದು ಕೆಲವರು. ಆಮ್ಲಜನಕ ಬಿಡದೆ, ಬೆಳಕಿನ ಬಲದಿಂದ ಕಬ್ಬಿಣವನ್ನೇ ನೇರವಾಗಿ ತುಕ್ಕಾಗಿಸುವ ಬೇರೆ ಬ್ಯಾಕ್ಟೀರಿಯಾಗಳು ಎಂದು ಇನ್ನು ಕೆಲವರು. ಅಂಥವು ಇಂದಿಗೂ ಬದುಕಿವೆ, 1993ರಲ್ಲಿ ಜರ್ಮನಿಯ ವಿಜ್ಞಾನಿಗಳು ಅವನ್ನು ಹಿಡಿದು ಸಾಕಿ ತೋರಿಸಿದ್ದಾರೆ. ಈ ಎರಡು ದಾರಿಗಳಲ್ಲಿ ಯಾವುದು ನಿಜವಾದರೂ ಹಿಂದಿನ ಬಲ ಬಿಸಿಲಿನದು.

ಹಾಗೆ ತುಕ್ಕು ತೇಲುತ್ತಿದ್ದ ಕಡಲಿನ ಬಣ್ಣ ಏನಿತ್ತು? ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಾರೊ ಮತ್ಸುಒ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಹಸಿರು ಎನ್ನುತ್ತದೆ. ತೇಲುವ ಸಣ್ಣ ತುಕ್ಕಿನ ಕಣ ನೀಲಿಯನ್ನು ಹೀರುತ್ತದೆ, ನೀರು ಕೆಂಪನ್ನು ಹೀರುತ್ತದೆ, ಉಳಿಯುವುದು ಹಸಿರು. ಇದು ಬರೀ ಗಣಕಯಂತ್ರದ ಊಹೆಯಲ್ಲ. ಜಪಾನಿನ ಕ್ಯುಶೂವಿನ ತೆಂಕಣಕ್ಕಿರುವ ಇವೊ ಎಂಬ ಅಗ್ನಿಪರ್ವತ ದ್ವೀಪದ ಸುತ್ತ ಕಬ್ಬಿಣದ ಬುಗ್ಗೆಗಳಿಂದಾಗಿ ಇಂದಿಗೂ ಕಡಲು ಹಸಿರಾಗಿದೆ. ಸಯನೋಬ್ಯಾಕ್ಟೀರಿಯಾಗಳು ಪತ್ರಹರಿತ್ತಿನ ಜೊತೆಗೆ ಫೈಕೊಬಿಲಿನ್ ಎಂಬ ವರ್ಣದ್ರವ್ಯಗಳ ದೊಡ್ಡ ಆಂಟೆನಾ ಕಟ್ಟಿಕೊಂಡದ್ದು ಆ ಹಸಿರು ಬೆಳಕನ್ನು ಹಿಡಿಯಲೆಂದೇ, ಎನ್ನುವುದು ಅವರ ವಾದ. ಅಂದರೆ ಇಂದು ಕೆಂಪಾಗಿ ಕಾಣುವ ಸಂಡೂರಿನ ಮಣ್ಣು ಒಮ್ಮೆ ಹಸಿರು ಕಡಲಿನ ಬಣ್ಣವಾಗಿತ್ತು. ನೀಲಿಯನ್ನು ನುಂಗಿ ಹಸಿರನ್ನು ಉಳಿಸಿಕೊಟ್ಟದ್ದು ಅದೇ ಕಬ್ಬಿಣ.

ಆ ಸಯನೋಬ್ಯಾಕ್ಟೀರಿಯಾಗಳಲ್ಲೊಂದನ್ನು ಕೋಟ್ಯಂತರ ವರ್ಷಗಳ ಮೇಲೆ ಇನ್ನೊಂದು ಜೀವಕೋಶ ನುಂಗಿ ಅರಗಿಸದೆ ಒಳಗಿಟ್ಟುಕೊಂಡಿತು. ಹಸಿರು ಪಾಚಿಗಳ ಹಸಿರು ಕಣ ಅದರಿಂದ ಬಂತು. ಸಿಹಿನೀರಿನ ಹಸಿರು ಪಾಚಿಗಳ ಒಂದು ಕವಲು ನೆಲಕ್ಕೆ ಹತ್ತಿತು, ಕಂಪ್ಲಿಯ ಕಬ್ಬು, ಭತ್ತ ಎಲ್ಲ ಆ ಕವಲಿನವೇ. ಇನ್ನೊಂದು ಕವಲು ಕಡಲಿನಲ್ಲಿ ಕೋಡಿಯಂ ಆಗಿ, ಹಸಿರನ್ನು ಬೇರೆ ಅಣುವಿನಿಂದ ಹೊಸದಾಗಿ ಹಿಡಿಯಿತು.

ಹಿನ್ನೀರಿನ ಹಸಿರಿಗೆ ಈಗ ಬರೋಣ. ವರದಿಗಳಲ್ಲಿ ನೀಲಿ-ಹಸಿರು ಪಾಚಿ ಎಂದು ಬರುತ್ತದಲ್ಲ, ಅದು ಪಾಚಿಯಲ್ಲ, ಇದೇ ಸಯನೋಬ್ಯಾಕ್ಟೀರಿಯಾ. ಸಂಡೂರಿನ ಕಲ್ಲಿನಲ್ಲಿ ಗುರುತು ಬಿಟ್ಟವರ ಕುಲ. ಇವುಗಳ ಫೈಕೊಸಯನಿನ್ 620 ನ್ಯಾನೊಮೀಟರಿನ ಕಿತ್ತಳೆ ಬೆಳಕನ್ನು ಹಿಡಿಯುತ್ತದೆ, ಹಸಿರು ಪಾಚಿಗಳು ಬಿಟ್ಟ ಪಾಲು ಅದು. ನಿಂತ ನೀರಿನಲ್ಲಿ ಮೇಲುಗೈ ಪಡೆಯುವ ಜಾತಿಗಳಿಗೆ ಇನ್ನೊಂದು ಸಾಮರ್ಥ್ಯವಿದೆ: ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಚೀಲಗಳಿದ್ದು, ಅವುಗಳ ಬಲದಿಂದ ಮೇಲಕ್ಕೆ ತೇಲಿ ಬಿಸಿಲಿಗೆ ಬರುತ್ತವೆ. ಹೀಗೆ ಮೇಲೆ ಹಾಸಿಕೊಂಡವು ಕೆಳಗಿನವರ ಬೆಳಕನ್ನು ಮುಚ್ಚುತ್ತವೆ. ಕಡಲ ಆಳದ ಕೋಡಿಯಂ ಉಳಿದ ಬೆಳಕಿನ ಮೇಲೆ ಬಾಳಿದರೆ, ಇವು ಉಳಿಸುವುದೇ ಇಲ್ಲ. ತಳದ ಜಲಸಸ್ಯಗಳು ಸೊರಗುತ್ತವೆ. ರಾತ್ರಿ ಇಡೀ ಹಿಂಡು ಉಸಿರಾಡಿ, ಸತ್ತವು ಕೊಳೆತು, ನೀರಿನ ಆಮ್ಲಜನಕ ಕುಗ್ಗುತ್ತದೆ. ಕಾಟ್ಲಾ, ರೋಹು ಹಿಡಿದು ಬದುಕುವ ಹರಿಗೋಲಿನ ಮೀನುಗಾರರಿಗೆ ಅದರ ಬಿಸಿ ತಟ್ಟುತ್ತದೆ. ಸಯನೋಬ್ಯಾಕ್ಟೀರಿಯಾಗಳ ಕೆಲವು ಜಾತಿಗಳು ಪಿತ್ತಜನಕಾಂಗಕ್ಕೆ ಹಾನಿ ಮಾಡುವ ಮೈಕ್ರೊಸಿಸ್ಟಿನ್ ಎಂಬ ವಿಷ ತಯಾರಿಸಬಲ್ಲವು. ನೀರು ಕುದಿಸಿದರೆ ಆ ವಿಷ ನಾಶವಾಗುವುದಿಲ್ಲ ಎನ್ನುವುದನ್ನು ಹಿನ್ನೀರಿನ ದಂಡೆಯ ಪ್ರತಿ ಮನೆಯೂ ತಿಳಿದಿರಬೇಕು. ನೀರು ಹಸಿರಿದ್ದ ದಿನಗಳಲ್ಲಿ ದನಕರುಗಳನ್ನು ದಂಡೆಯ ಕೆನೆಗಟ್ಟಿದ ಜಾಗದಿಂದ ದೂರವಿಡುವುದು ಒಳ್ಳೆಯದು.

ಸಯನೋಬ್ಯಾಕ್ಟೀರಿಯಾಗಳಿಗೆ ಬೆಳಕಿನ ಕೊರತೆ ಇಲ್ಲಿ ಎಂದೂ ಇರಲಿಲ್ಲ. ಹೆಚ್ಚಾದದ್ದು ಗೊಬ್ಬರ. ಮೇಲಿನ ಪಟ್ಟಣಗಳ ಚರಂಡಿ ನೀರು, ಗದ್ದೆಗಳಿಂದ ತೊಳೆದು ಬಂದ ರಸಗೊಬ್ಬರದ ರಂಜಕ ಮತ್ತು ಸಾರಜನಕ ಹೊಳೆ ಸೇರುತ್ತವೆ, ಜಲಾಶಯದಲ್ಲಿ ನಿಲ್ಲುತ್ತವೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಮೊದಲಿನ ಸುಮಾರು 133 ಟಿಎಂಸಿ ಅಡಿಯಿಂದ 105ರ ಆಸುಪಾಸಿಗೆ ಇಳಿದಿದೆ. ಆಳ ಕಡಿಮೆಯಾದ ಹಿನ್ನೀರು ಬೇಗ ಬಿಸಿಯಾಗುತ್ತದೆ, ಇಂಥ ಹಿಂಡಿಗೆ ಹೇಳಿ ಮಾಡಿಸಿದ ಜಾಗವಾಗುತ್ತದೆ. ರಾಸಾಯನಿಕ ಸುರಿದು ಹಸಿರನ್ನು ಕೊಲ್ಲುವ ಮಾತು ಆಗಾಗ ಕೇಳುತ್ತದೆ. ಸತ್ತ ಜೀವಕೋಶ ಒಡೆದರೆ ಒಳಗಿದ್ದ ವಿಷವೂ ನೀರಿಗೇ ಬೀಳುತ್ತದೆ. ತಡೆಯಬೇಕಾದದ್ದು ಮೇಲಿನ ಚರಂಡಿಯನ್ನು.

ಕಡಲಿನ ಬಣ್ಣವನ್ನು ನಾವು ದಿನವೂ ಅಳೆಯುತ್ತಿದ್ದೇವೆ. 1999ರ ಮೇ ತಿಂಗಳಲ್ಲಿ ಇಸ್ರೊ ಹಾರಿಸಿದ ಓಷನ್‌ಸ್ಯಾಟ್-1 ಹಿಂದೆ ಈ ಕೆಲಸ ಮಾಡಿತ್ತು; ಈಗ 2022ರ ನವೆಂಬರಿನಲ್ಲಿ ಹಾರಿಸಿದ ಓಷನ್‌ಸ್ಯಾಟ್-3 ನೀರಿನಿಂದ ಮರಳಿ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಅಳೆದು ಪತ್ರಹರಿತ್ತು ಎಲ್ಲಿ ಎಷ್ಟಿದೆ ಎಂದು ಹೇಳುತ್ತದೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಅದರಿಂದ ಮೀನು ಸಿಗಬಹುದಾದ ತಾಣಗಳ ಮುನ್ಸೂಚನೆ ತಯಾರಿಸಿ ಕನ್ನಡದಲ್ಲೂ ಕರಾವಳಿಗೆ ಕಳಿಸುತ್ತದೆ. ಮಲ್ಪೆಯ ಮೀನುಗಾರನಿಗೆ ಸಿಕ್ಕಿದ್ದು ಹಿನ್ನೀರಿನ ಮೀನುಗಾರನಿಗೂ ಸಿಗಬೇಕು: ಹಸಿರು ಯಾವ ಕೊಲ್ಲಿಯಲ್ಲಿ ಹುಟ್ಟಿತು, ಯಾವ ಕಡೆ ಹರಡುತ್ತಿದೆ ಎಂಬ ವಾರವಾರದ ಸುದ್ದಿ.

ಅದು ಬರುವವರೆಗೆ ಕಾಯಬೇಕಿಲ್ಲ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಒಂದು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಮೆಡಿಟರೇನಿಯನ್ನಿನಲ್ಲಿ ಇಳಿಸಿ, ಅದು ಕಣ್ಮರೆಯಾಗುವ ಆಳ ಬರೆದುಕೊಂಡ. ಕೆರೆ ಜಲಾಶಯಗಳಿಗೆ ಈಗ ಬಳಸುವುದು 20 ಸೆಂಟಿಮೀಟರ್ ಅಗಲದ, ಕಪ್ಪು-ಬಿಳಿ ನಾಲ್ಕು ಪಾಲು ಮಾಡಿದ ತಟ್ಟೆ. ತಗಡಿನ ಒಂದು ತುಂಡು, ಎರಡು ಡಬ್ಬಿ ಬಣ್ಣ, ಗುರುತು ಹಾಕಿದ ಹಗ್ಗ, ಕೆಳಗೊಂದು ಭಾರ ಸಾಕು. ಮರಿಯಮ್ಮನಹಳ್ಳಿಯ ಪ್ರೌಢಶಾಲೆಯ ಮಕ್ಕಳು ದೊಡ್ಡವರ ಜೊತೆ ಹರಿಗೋಲಿನಲ್ಲಿ ಹೋಗಿ ತಿಂಗಳಿಗೊಮ್ಮೆ, ಮಧ್ಯಾಹ್ನದ ಹೊತ್ತಿಗೆ, ಒಂದೇ ಜಾಗದಲ್ಲಿ ಇದನ್ನು ಇಳಿಸಿ ಆಳವನ್ನೂ ನೀರಿನ ಬಣ್ಣವನ್ನೂ ವಹಿಯಲ್ಲಿ ಬರೆಯಬಹುದು. ತಟ್ಟೆ ಮರೆಯಾದ ಆಳದ ಸುಮಾರು ಎರಡೂವರೆ ಪಟ್ಟು ಕೆಳಗಿನವರೆಗೆ ಪಾಚಿ ಬೆಳೆಯುವಷ್ಟು ಬೆಳಕು ಇಳಿಯುತ್ತದೆ. ಹೊಸ ನೀರಿನ ಕೆಂಪಿನಲ್ಲಿ ಅದು ಎಷ್ಟು, ತಿಳಿಯಾದಾಗ ಎಷ್ಟು, ಹಸಿರು ಕಟ್ಟುವ ಮುಂಚಿನ ವಾರ ಎಷ್ಟು ಎಂಬ ನಾಲ್ಕೈದು ವರ್ಷದ ಅಂಕಿ ಕೈಯಲ್ಲಿದ್ದರೆ, ಮುಂದಿನ ಸಲ ನೀರು ಹಸಿರಾಗುವುದನ್ನು ದಂಡೆಯವರೇ ಮೊದಲು ಹೇಳಬಲ್ಲರು.